ಅಮ್ಮನನ್ನು ಕರೆದುಕೊಂಡು ಓನಿಯೋಶಿದಾಶಿ ಲಾವಾ ಪಾರ್ಕಿಗೆ ಹೋಗಬಹುದಾ?

ಜಪಾನಿನ ಕರುಯಿಜಾವಾ ಊರಲ್ಲಿ ಒಂದೇ ದಿನ ಇರ್ತೀವಿ, ಅಮ್ಮನಿಗೆ ಮೊಣಕಾಲು ನೋವು, ಬರೀ ಕಪ್ಪು ಕಲ್ಲು ನೋಡೋಕೆ ಅಷ್ಟು ದೂರ ಹೋಗಬೇಕಾ ಅಂತ ಕೇಳಿದ್ದೀರಿ. ಖಂಡಿತ ಹೋಗಿ. ಆದರೆ ಪಾರ್ಕ್ ನೋಡಿ ಅಲ್ಲಿಂದಲೇ ವಾಪಸ್ ಬರಬೇಡಿ.

ನಾನು ಹೋಗಿದ್ದು ಅಕ್ಟೋಬರಿನಲ್ಲಿ. ಕರುಯಿಜಾವಾ ಸ್ಟೇಷನ್ನಿನಿಂದ ಬಸ್ಸಿನಲ್ಲಿ ಸುಮಾರು 40 ನಿಮಿಷ. 1783ರಲ್ಲಿ ಅಸಾಮಾ ಪರ್ವತ ಸಿಡಿದಾಗ ಹರಿದ ಲಾವಾ ಇದು. ದೆವ್ವ ಒಳಗಿಂದ ನೂಕಿ ಹೊರಹಾಕಿದ್ದು ಅನ್ನೋದೇ ಹೆಸರಿನ ಅರ್ಥ. ಕಲ್ಲು ನುಣುಪಾಗಿಲ್ಲ, ಮುಟ್ಟಿದರೆ ಅಂಗೈ ತರಚುತ್ತೆ, ಮೈತುಂಬ ತೂತು. ಬಿರುಕಿನೊಳಗೆ ಬೆರಳುದ್ದದ ಪಾಚಿ, ಅದರ ಮೇಲೆ ಗಿಡ್ಡ ಪೈನ್ ಗಿಡ. ಇನ್ನೂರು ವರ್ಷ ದಾಟಿದರೂ ಹಸಿರು ಹಿಡಿದಿರೋದು ಅಷ್ಟೇ. ನಡುವೆ ಬೌದ್ಧರ ಕರುಣೆಯ ದೇವತೆ ಕನ್ನೋನ್‌ಳ ಕೆಂಪು ಬಣ್ಣದ ಗುಡಿ. ದಾರಿ ಚೆನ್ನಾಗಿದೆ, ಆದರೆ ಏರು, ಮೆಟ್ಟಿಲು ಇವೆ. ಅಮ್ಮ ಹತ್ತಿರದ ಸುತ್ತು ಮಾತ್ರ ಹಾಕಲಿ.

ಅಲ್ಲಿಂದ ಕಾನ್‌ಬಾರಾ ಹಳ್ಳಿಗೆ ಹೋಗಿ. ಬಸ್ಸು ಕಡಿಮೆ, ಟ್ಯಾಕ್ಸಿ ಅಥವಾ ಬಾಡಿಗೆ ಕಾರು ಮಾಡಿಕೊಳ್ಳಿ. ಅದೇ ಸ್ಫೋಟದ ವೇಳೆ ಬೆಟ್ಟದಿಂದ ನುಗ್ಗಿದ ಮಣ್ಣು-ಬಂಡೆಗಳ ಪ್ರವಾಹ ಈ ಊರನ್ನು ಹೂತುಹಾಕಿತು. 477 ಜನ ಸತ್ತರು, 93 ಜನ ಉಳಿದರು. ಊರಿನ ದಿಬ್ಬದ ಮೇಲೆ ಇನ್ನೊಂದು ಕನ್ನೋನ್ ಗುಡಿ ಇದೆ, ಅದನ್ನು ಹತ್ತಿದವರು ಬದುಕಿಕೊಂಡರು. ಗುಡಿಗೆ ಈಗ ಕಾಣೋದು 15 ಮೆಟ್ಟಿಲು. 1979ರಲ್ಲಿ ಅಗೆದಾಗ ಒಟ್ಟು 50 ಇದ್ದವು ಅಂತ ಗೊತ್ತಾಯಿತು, ಮಿಕ್ಕದ್ದೆಲ್ಲ ನೆಲದಡಿ. ಬುಡದಲ್ಲಿ ಎರಡು ಅಸ್ಥಿಪಂಜರ ಸಿಕ್ಕವು, ಇಬ್ಬರೂ ಹೆಂಗಸರು. ಕಿರಿಯಳು ವಯಸ್ಸಾದವಳನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲ ತನಕ ಬಂದಿದ್ದಳು.

ಆ ಹದಿನೈದು ಮೆಟ್ಟಿಲನ್ನು ನಾನು ಎರಡು ಸಲ ಹತ್ತಿ ಇಳಿದೆ. ಒಂದೇ ನಿಮಿಷದ ಕೆಲಸ.

ಉಳಿದವರು ಊರು ಬಿಟ್ಟು ಹೋಗಲಿಲ್ಲ. ಹೆಂಡತಿ ಕಳಕೊಂಡವನಿಗೂ ಗಂಡನನ್ನು ಕಳಕೊಂಡವಳಿಗೂ ಮದುವೆ ಮಾಡಿ, ತಬ್ಬಲಿ ಮಕ್ಕಳನ್ನು ಅವರ ಮಡಿಲಿಗೆ ಹಾಕಿ, ಹೂತ ಊರಿನ ಮೇಲೆಯೇ ಮತ್ತೆ ಮನೆ ಕಟ್ಟಿದರು. ಈಗ ಆ ಸೀಮೆ ಎಲೆಕೋಸಿಗೆ ಜಪಾನಿನಲ್ಲೆಲ್ಲ ಹೆಸರುವಾಸಿ.

ಅಸಾಮಾ ಇನ್ನೂ ಜೀವಂತ ಜ್ವಾಲಾಮುಖಿ. ಹೊರಡೋ ದಿನ ಜಪಾನ್ ಹವಾಮಾನ ಇಲಾಖೆಯ ಎಚ್ಚರಿಕೆ ಮಟ್ಟ ನೋಡಿಕೊಳ್ಳಿ. ಅಮ್ಮನಿಗೆ ಸ್ವೆಟರ್ ಮರೀಬೇಡಿ, ಮೇಲೆ ಗಾಳಿ ಜೋರು.