ಪ್ರತಿಕ್ರಿಯೆ: ಅಂತರವಿರುವುದು ದೋಷದಲ್ಲೋ ಪತ್ತೆಯಲ್ಲೋ?

ಅಪರೂಪದ ವರ್ಣತಂತು (ಕ್ರೋಮೋಸೋಮ್) ದೋಷಗಳು ಹತ್ತು ಸಾವಿರ ಜನನಗಳಿಗೆ ಯುರೋಪಿನ ಒಂದು ಪ್ರದೇಶದಲ್ಲಿ 2.4, ಮತ್ತೊಂದರಲ್ಲಿ 12.9 ಇರಲು ಅಲ್ಲಿನ ಗಾಳಿ-ನೀರು ಕಾರಣವೇ ಎಂದು ತಾವು ಕೇಳಿದ್ದೀರಿ. ಬಹುಮಟ್ಟಿಗೆ ಅಲ್ಲ ಎಂದೇ ನನ್ನ ಅಭಿಪ್ರಾಯ. ಯುರೋಪಿನಲ್ಲಿ ಜನ್ಮಜಾತ ದೋಷಗಳನ್ನು ದಾಖಲಿಸುವ ಯೂರೋಕ್ಯಾಟ್ ಜಾಲದ ನೋಂದಣಿಗಳಿಂದ ಬಂದ, 2000–2006ರ ಅವಧಿಯ ಇದೇ ಅಂಕಿಅಂಶಗಳಲ್ಲಿ ಜನನಪೂರ್ವ ಪತ್ತೆಯ ಪ್ರಮಾಣ ಸರಾಸರಿ ಶೇ. 65 ಇದ್ದರೂ, ಪ್ರದೇಶದಿಂದ ಪ್ರದೇಶಕ್ಕೆ ಅದು ಶೇ. 5ರಿಂದ 92ರವರೆಗೆ ಏರಿಳಿಯುತ್ತದೆ.

ಟ್ರಿಪ್ಲಾಯ್ಡಿಯನ್ನೇ ನೋಡಿ. 46ರ ಬದಲು 69 ವರ್ಣತಂತುಗಳಿರುವ ಈ ಭ್ರೂಣಗಳಲ್ಲಿ ಹೆಚ್ಚಿನವು ತಾವಾಗಿಯೇ ಬೇಗ ಅಳಿಯುತ್ತವೆ. 20 ವಾರಕ್ಕೆ ಮುಂಚಿನ ಸಹಜ ಗರ್ಭಪಾತವು ಈ ನೋಂದಣಿಯ ಲೆಕ್ಕಕ್ಕೇ ಸೇರುವುದಿಲ್ಲ. ಆದರೆ ಮೊದಲ ತ್ರೈಮಾಸಿಕದಲ್ಲೇ ಸ್ಕ್ಯಾನ್ ಮಾಡಿ, ಸಂಶಯ ಬಂದರೆ ಕೋರಿಯಾನಿಕ್ ವಿಲ್ಲಸ್ (ಮಾಸುವಿನ ಅಂಗಾಂಶದ) ಮಾದರಿ ತೆಗೆದು ಪರೀಕ್ಷಿಸುವ ಕಡೆ, ದೋಷ ತಿಳಿದು ಗರ್ಭವನ್ನು ತೆಗೆಸಿದರೆ ಅದು ದಾಖಲಾಗುತ್ತದೆ. ಅಂದರೆ ಬೇಗ ನೋಡುವ ಊರಿನ ಅಂಕಿ ತಾನಾಗಿ ಏರುತ್ತದೆ.

ಸಣ್ಣ ಅಳಿಕೆಗಳ, ಅಂದರೆ ವರ್ಣತಂತುವಿನ ಚಿಕ್ಕ ತುಣುಕು ಇಲ್ಲವಾಗಿರುವ ದೋಷಗಳ, ವಿಷಯ ಬೇರೆ; ಅಲ್ಲಿ ಅಂಕಿ ಯಾವ ಪರೀಕ್ಷೆ ಮಾಡುತ್ತಾರೆ ಎಂಬುದರ ಮೇಲೆ ನಿಲ್ಲುತ್ತದೆ: ಸುಮಾರು 50 ಲಕ್ಷ ಬೇಸ್ ಜೋಡಿಗಳಿಗಿಂತ (ಡಿಎನ್‌ಎಯ ಮೂಲ ಘಟಕಗಳಿಗಿಂತ) ಚಿಕ್ಕದಾದದ್ದು ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಸಾಮಾನ್ಯ ಕ್ಯಾರಿಯೋಟೈಪ್‌ನಲ್ಲಿ ಕಾಣುವುದು ಕಷ್ಟ, ಡಿಎನ್‌ಎಯನ್ನೇ ಇನ್ನೂ ಸೂಕ್ಷ್ಮವಾಗಿ ಪರೀಕ್ಷಿಸುವ ಮೈಕ್ರೋಅರೇಯಲ್ಲಿ ಕಾಣುತ್ತದೆ. ತಾಯಿಯ ವಯಸ್ಸನ್ನು ಮಾತ್ರ ನಾನು ಇಲ್ಲಿ ಹೆಚ್ಚು ಹೊಣೆ ಮಾಡುವುದಿಲ್ಲ. ಡೌನ್ ಸಿಂಡ್ರೋಮಿನಲ್ಲಿ ಅದರ ಪಾತ್ರ ದೊಡ್ಡದಾದರೂ, ಟ್ರಿಪ್ಲಾಯ್ಡಿಗೂ ತಾಯಿಯ ವಯಸ್ಸಿಗೂ ಅಂಥ ನಂಟಿಲ್ಲ.