ಸಂಪಾದಕರ ಉತ್ತರ: ಕುರಿಮರಿ ತರಲಾಗದವಳ ಮಗ

ಆತ್ಮೀಯ ಓದುಗರಿಗೆ ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರವನ್ನು ಮೂರು ಸಲ ಓದಿದೆ. ಅಷ್ಟನ್ನೂ ಅಚ್ಚು ಹಾಕಲು ಜಾಗವಿಲ್ಲದ್ದರಿಂದ ಉಳಿದ ಓದುಗರಿಗಾಗಿ ಸಾರವನ್ನಷ್ಟೇ ಕೊಡುತ್ತೇನೆ. ಕ್ರಿಸ್ಮಸ್ ಸಂಚಿಕೆಯಲ್ಲಿ ನಾವು ಯೇಸು ಹುಟ್ಟಿದ ಬೆತ್ಲೆಹೇಮಿನ ಗೋದಲಿಯ, ಎಂದರೆ ದನಗಳ ಮೇವಿನ ತೊಟ್ಟಿಯ, ಬಡತನದ ಬಗ್ಗೆ ಬರೆದದ್ದು ನಿಮಗೆ ಬರೀ ಭಾವುಕತೆ ಅನ್ನಿಸಿದೆ. "ಸೋಮಾರಿತನವೇ ಬಡತನಕ್ಕೆ ಕಾರಣ ಅಂತ ಬೈಬಲಿನ ಜ್ಞಾನೋಕ್ತಿಗಳ ಪುಸ್ತಕವೇ ಹೇಳುತ್ತದೆ. ಬಡವರು ಯಾವಾಗಲೂ ನಿಮ್ಮ ಸಂಗಡ ಇರುತ್ತಾರೆ ಅಂತ ಯೇಸುವೇ ಹೇಳಿದ್ದಾನೆ. ಮತ್ತೆ ಈ ಮರುಕವೆಲ್ಲ ಯಾಕೆ?" ಎಂದು ಕೇಳಿದ್ದೀರಿ. ನಿಜವಾದ ನೋವು ಹೊರಬಿದ್ದಿರುವುದು ಕೊನೆಯ ಪುಟದಲ್ಲಿ. ನಾಲ್ಕು ವರ್ಷ ಒಂದೇ ಮನೆಗೆ ಕ್ರಿಸ್ಮಸ್ ಹೊತ್ತಿಗೆ ಬಟ್ಟೆಬರೆ, ದವಸಧಾನ್ಯ ಕೊಟ್ಟಿರಿ. ಕಳೆದ ವರ್ಷ ಆ ಮನೆಯಾತ ಬಾಗಿಲಲ್ಲೇ ನಿಂತು ಚೀಲ ಇಸಿದುಕೊಂಡ, ಒಳಗೆ ಕರೆಯಲಿಲ್ಲ, ಒಂದು ಒಳ್ಳೆಯ ಮಾತಿಲ್ಲ. ಒಂದು ಫೋಟೊ ತೆಗೆಯೋಣ ಎಂದಾಗ ಮುಖ ತಿರುಗಿಸಿದ. ಈ ವರ್ಷ ಹೋಗಬೇಕೋ ಬೇಡವೋ ಎಂದು ನನ್ನನ್ನು ಕೇಳಿದ್ದೀರಿ.

ಮೊದಲು ನಿಮ್ಮ ಎರಡು ವಚನಗಳನ್ನು ನೋಡೋಣ. ಅವು ನಿಮ್ಮ ಕೈಗೆ ಅರ್ಧರ್ಧ ಬಂದಿವೆ.

ಮೈಗಳ್ಳನ ಕೈ ಬಡತನ ತರುತ್ತದೆ ಎಂಬ ಮಾತು ಜ್ಞಾನೋಕ್ತಿಗಳ 10ನೇ ಅಧ್ಯಾಯದಲ್ಲಿ ಇದ್ದೇ ಇದೆ. ಇರುವೆಯ ಹತ್ತಿರ ಹೋಗಿ ಬುದ್ಧಿ ಕಲಿ ಎಂದು ಸೋಮಾರಿಗೆ ಹೇಳುವುದೂ ಅದೇ ಪುಸ್ತಕ. ಆದರೆ ಆ ಮಾತು ಮೈಗಳ್ಳನನ್ನು ಕುರಿತದ್ದು, ಬಡವನನ್ನು ಕುರಿತದ್ದಲ್ಲ. ಸೋಮಾರಿ ಬಡವನಾದಾನು ಎಂಬುದಕ್ಕೂ ಬಡವರೆಲ್ಲ ಸೋಮಾರಿಗಳು ಎಂಬುದಕ್ಕೂ ಅಜಗಜಾಂತರ. ಅದೇ ಪುಸ್ತಕದ 13ನೇ ಅಧ್ಯಾಯದ 23ನೇ ವಚನ ಓದಿ: ಬಡವನ ಹೊಲ ಹೇರಳವಾಗಿ ಬೆಳೆದೀತು, ಆದರೆ ಅನ್ಯಾಯ ಅದನ್ನು ಕೊಚ್ಚಿಕೊಂಡು ಹೋಗುತ್ತದೆ. ಇಲ್ಲಿ ಬಡವ ಉತ್ತಿದ್ದಾನೆ, ಬಿತ್ತಿದ್ದಾನೆ, ಪೈರೂ ಬಂದಿದೆ. ಅವನ ಕೈಗೆ ಮಾತ್ರ ಬಂದಿಲ್ಲ. ಬಡವನು ಬಡವನೆಂಬ ಕಾರಣಕ್ಕೇ ಅವನನ್ನು ಸುಲಿಯಬೇಡ, ಊರಬಾಗಿಲಲ್ಲಿ ನ್ಯಾಯ ಕೇಳಲು ಬಂದ ದಿಕ್ಕಿಲ್ಲದವನನ್ನು ತುಳಿಯಬೇಡ ಎನ್ನುತ್ತದೆ 22ನೇ ಅಧ್ಯಾಯ. ಬಡವನನ್ನು ಅಣಕಿಸಿದವನು ಅವನನ್ನು ಉಂಟುಮಾಡಿದವನನ್ನೇ ಹೀಯಾಳಿಸಿದ ಹಾಗೆ ಎನ್ನುತ್ತದೆ 17ನೇ ಅಧ್ಯಾಯ.

ಇನ್ನು, ಬಡವರು ಯಾವಾಗಲೂ ಇರುತ್ತಾರೆ ಎಂಬ ಮಾತು. ಯೇಸು ಅದನ್ನು ಹೊಸದಾಗಿ ಹೇಳಿದ್ದಲ್ಲ, ಅದು ಯೆಹೂದ್ಯರ ಧರ್ಮಶಾಸ್ತ್ರದ ಪುಸ್ತಕಗಳಲ್ಲೊಂದಾದ ಧರ್ಮೋಪದೇಶಕಾಂಡದ 15ನೇ ಅಧ್ಯಾಯದ ಮಾತು. ಕೇಳುತ್ತಿದ್ದ ಯೆಹೂದ್ಯರಿಗೆ ಮುಂದಿನ ಸಾಲು ಬಾಯಿಗೆ ತಾನಾಗಿ ಬಂದಿರಬೇಕು: ದೇಶದಲ್ಲಿ ಬಡವರು ಇದ್ದೇ ಇರುತ್ತಾರೆ, ಆದಕಾರಣ ನಿನ್ನ ಸಹೋದರನಿಗೆ ಕೈಬಿಚ್ಚಿ ಕೊಡು. ಆ "ಆದಕಾರಣ"ವನ್ನು ಬಿಟ್ಟುಬಿಟ್ಟರೆ ಆಜ್ಞೆಯೇ ನೆಪವಾಗಿಬಿಡುತ್ತದೆ.

ಇಷ್ಟು ಹೇಳಿದರೆ ನಿಮ್ಮ ವಾದಕ್ಕೆ ಉತ್ತರ ಕೊಟ್ಟಂತಾಯಿತು, ನಿಮ್ಮ ನೋವಿಗಲ್ಲ. ಅದಕ್ಕೆ ಗೋದಲಿಯ ಹತ್ತಿರಕ್ಕೇ ಹೋಗಬೇಕು.

ಲೂಕನ ಸುವಾರ್ತೆಯ ಎರಡನೇ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಿ. ಮರಿಯಳೂ ಯೋಸೇಫನೂ ಬಡವರು ಎಂದು ಅವನು ಎಲ್ಲಿಯೂ ಬರೆಯುವುದಿಲ್ಲ. ಮಗುವನ್ನು ಯೆರೂಸಲೇಮಿನ ದೇವಾಲಯಕ್ಕೆ ಎತ್ತಿಕೊಂಡು ಹೋದರು, ನಿಯಮದ ಪ್ರಕಾರ ಒಂದು ಜೋಡಿ ಬೆಳವಕ್ಕಿ ಅಥವಾ ಎರಡು ಪಾರಿವಾಳದ ಮರಿಗಳನ್ನು ಅರ್ಪಿಸಲು ಹೋದರು ಎಂದಷ್ಟೇ ಹೇಳಿ ಮುಂದೆ ಸಾಗುತ್ತಾನೆ. ನಾವೂ ಮುಂದೆ ಸಾಗಿಬಿಡುತ್ತೇವೆ. ಆದರೆ ಆ ನಿಯಮ ಇರುವುದು ಅದೇ ಧರ್ಮಶಾಸ್ತ್ರದ ಇನ್ನೊಂದು ಪುಸ್ತಕವಾದ ಯಾಜಕಕಾಂಡದ 12ನೇ ಅಧ್ಯಾಯದಲ್ಲಿ. ಗಂಡುಮಗುವನ್ನು ಹೆತ್ತ ತಾಯಿ 40 ದಿನ ಕಳೆದ ಮೇಲೆ ಒಂದು ವರ್ಷದ ಕುರಿಮರಿಯನ್ನೂ ಒಂದು ಹಕ್ಕಿಯನ್ನೂ ತರಬೇಕು. ಕುರಿಮರಿ ತರುವಷ್ಟು ಗತಿಯಿಲ್ಲದಿದ್ದರೆ ಎರಡು ಹಕ್ಕಿ ಸಾಕು. ಎಂದರೆ ಮರಿಯಳು ಅಂದು ಹಿಡಿದುಕೊಂಡು ಬಂದದ್ದು ಬಡವರಿಗೆಂದು ಬರೆದಿಟ್ಟಿದ್ದ ಕಾಣಿಕೆ.

ಕೈಯಲ್ಲಿ ಹಿಡಿದ ಪಾರಿವಾಳದ ಮರಿ ಎಷ್ಟು ಹಗುರ, ಅದರ ಎದೆ ಅಂಗೈಗೆ ಹೇಗೆ ಬಡಿಯುತ್ತದೆ ಎಂಬುದು ಹಿಡಿದವರಿಗೆ ಗೊತ್ತು. ದೇವಾಲಯಕ್ಕೆ ಬಂದವರಲ್ಲಿ ಕುರಿಮರಿ ತಂದವಳು ಯಾರು, ಹಕ್ಕಿ ತಂದವಳು ಯಾರು ಎಂಬುದು ನೋಡಿದವರಿಗೆಲ್ಲ ತಿಳಿಯುತ್ತಿತ್ತು. ಹಾಗಿದ್ದೂ ಆ ನಿಯಮದಲ್ಲಿ ಒಂದು ಸೂಕ್ಷ್ಮವಿದೆ. ಕುರಿಮರಿ ತಂದವಳ ಬಗ್ಗೆ ಅದು "ಅವಳು ಶುದ್ಧಳಾಗುವಳು" ಎನ್ನುತ್ತದೆ. ಹಕ್ಕಿ ತಂದವಳ ಬಗ್ಗೆಯೂ ಅದೇ ಮಾತು, ಒಂದು ಅಕ್ಷರ ಕಡಿಮೆಯಿಲ್ಲ. ಅರ್ಧ ಕಾಣಿಕೆಗೆ ಅರ್ಧ ಆಶೀರ್ವಾದ ಎಂಬ ಲೆಕ್ಕ ಅಲ್ಲಿಲ್ಲ. ಪಾಪಪರಿಹಾರದ ಕಾಣಿಕೆಯಲ್ಲಂತೂ, ಹಕ್ಕಿಗೂ ಗತಿಯಿಲ್ಲದವನು ಒಂದು ಏಫಾದ (ಆ ಕಾಲದಲ್ಲಿ ಧಾನ್ಯ ಅಳೆಯುವ ಅಳತೆ ಅದು) ಹತ್ತನೇ ಒಂದು ಪಾಲು ಹಿಟ್ಟು ತಂದರೂ ಆದೀತು ಎಂದು ಯಾಜಕಕಾಂಡದ ಐದನೇ ಅಧ್ಯಾಯ ಹೇಳುತ್ತದೆ. ಬಡವನು ನಾಚಿಕೆಯಿಂದ ಹೊರಗೇ ನಿಂತುಬಿಡಬಾರದು ಎಂದು ಯಾರೋ ಕೂತು ಯೋಚಿಸಿದ್ದಾರೆ.

ನನಗೆ ಕ್ರಿಸ್ಮಸ್ ಕಥೆಯ ತಿರುಳು ಇಲ್ಲಿದೆ. ಬಡವರ ವಿಷಯದಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ನೂರಾರು ವರ್ಷ ಆಜ್ಞೆ ಕೊಟ್ಟ ದೇವರು, ಆ ಆಜ್ಞೆಗಳ ಆಚೆಬದಿಯಲ್ಲಿ, ತೆಗೆದುಕೊಳ್ಳುವವರ ಸಾಲಿನಲ್ಲಿ ಬಂದು ಹುಟ್ಟಿದ. ರಿಯಾಯಿತಿ ಕೊಟ್ಟವನೇ ರಿಯಾಯಿತಿ ಪಡೆದವಳ ಮಡಿಲಲ್ಲಿದ್ದ.

ಊರನ್ನೇ ನೋಡಿ. ಬೆತ್ಲೆಹೇಮ್ ಎಂದರೆ ಹೀಬ್ರೂ ಭಾಷೆಯಲ್ಲಿ ರೊಟ್ಟಿಯ ಮನೆ. ಆ ಊರಿನ ಹೊಲಗಳಿಗೆ ಹಿಂದೊಮ್ಮೆ ಮೋವಾಬ್ ನಾಡಿನ ವಿಧವೆ ರೂತಳು ಹಕ್ಕಲಾಯಲು ಬಂದಿದ್ದಳು. ಪೈರು ಕೊಯ್ಯುವಾಗ ಹೊಲದ ಅಂಚಿನವರೆಗೂ ಕೊಯ್ಯಬೇಡ, ಬಿದ್ದ ತೆನೆ ಆರಿಸಬೇಡ, ಅದು ಬಡವರಿಗೂ ಪರದೇಶಿಗಳಿಗೂ ಬಿಟ್ಟದ್ದು ಎಂದು ಯಾಜಕಕಾಂಡ ವಿಧಿಸಿತ್ತು. ಹೊಲದ ಒಡೆಯ ಬೋವಜ ಅಷ್ಟಕ್ಕೇ ನಿಲ್ಲಲಿಲ್ಲ. ಸಿವುಡುಗಳಿಂದ ಬೇಕೆಂದೇ ಒಂದಿಷ್ಟು ತೆನೆ ಎಳೆದು ಅವಳಿಗಾಗಿ ಬೀಳಿಸಿ, ಅವಳನ್ನು ಗದರಿಸಬೇಡಿ ಎಂದು ಆಳುಗಳಿಗೆ ಹೇಳಿದ. ಕೊಟ್ಟದ್ದು ಗೊತ್ತಾಗದ ಹಾಗೆ ಕೊಡುವುದು ಎಂದರೆ ಇದು. ಸಂಜೆ ಬಡಿದು ನೋಡಿದರೆ ಸುಮಾರು ಒಂದು ಏಫಾ ಜವೆಗೋದಿ. ಅದನ್ನು ಅತ್ತೆ ನೊವೊಮಿಗೆ ತೋರಿಸುವಾಗ ರೂತಳು ಹೇಳಿದ್ದು ನಾನು ಇಂಥವನ ಹೊಲದಲ್ಲಿ ದುಡಿದೆ ಎಂದೇ ಹೊರತು, ಬೇಡಿ ತಂದೆ ಎಂದಲ್ಲ. ಈ ರೂತಳ ಮಗ ಓಬೇದ, ಅವನ ಮಗ ಇಷಯ, ಇಷಯನ ಮಗ ದಾವೀದ. ಮತ್ತಾಯನು ಯೇಸುವಿನ ವಂಶಾವಳಿ ಬರೆಯುವಾಗ ರೂತಳ ಹೆಸರನ್ನು ಮರೆಯದೆ ಸೇರಿಸಿದ್ದಾನೆ. ಹಕ್ಕಲು ಆಯ್ದವಳ ವಂಶದ ಮಗು, ಅವಳು ಆಯ್ದ ಊರಿನಲ್ಲೇ ಹುಟ್ಟಿತು.

ನಿರ್ದಯಿ ಛತ್ರದವನೊಬ್ಬ ಬಾಗಿಲು ಮುಚ್ಚಿದ ಎಂಬ ದೃಶ್ಯ ನಮ್ಮ ನಾಟಕಗಳಲ್ಲಿದೆ, ಲೂಕನಲ್ಲಿ ಅಂಥ ಮನುಷ್ಯನೇ ಇಲ್ಲ. ನಮ್ಮ ಬೈಬಲಿನಲ್ಲಿ ಛತ್ರ ಎಂದಿರುವ ಕಡೆ ಗ್ರೀಕಿನಲ್ಲಿರುವ ಪದ "ಕತಾಲುಮ". ಯೇಸು ಶಿಷ್ಯರ ಸಂಗಡ ಮಾಡಿದ ಕಡೆಯ ಊಟದ ಕೋಣೆಗೂ ಲೂಕ ಅದೇ ಪದ ಬಳಸುತ್ತಾನೆ. ದಾರಿಹೋಕರ ಛತ್ರಕ್ಕೆ, ಯೇಸು ಹೇಳಿದ ಒಳ್ಳೆಯ ಸಮಾರ್ಯದವನ ಕಥೆಯಲ್ಲಿ, ಬೇರೆಯದೇ ಪದವಿದೆ. ಹಾಗಾಗಿ ಅದನ್ನು ಮನೆಯ ಅತಿಥಿಗಳ ಕೋಣೆ ಎಂದು ಓದುವ ವಿದ್ವಾಂಸರು ಹಲವರು. ಆ ಕಾಲದ ಹಳ್ಳಿಮನೆಗಳಲ್ಲಿ ರಾತ್ರಿ ದನಕರುಗಳನ್ನು ಒಳಗೇ ಕಟ್ಟುತ್ತಿದ್ದರು, ಮೇವಿನ ಗೋದಲಿ ಅಲ್ಲೇ ಇರುತ್ತಿತ್ತು. ಈ ಓದು ಸರಿಯಾದರೆ ಮಗು ಹುಟ್ಟಿದ್ದು ಕಲ್ಲೆದೆಯವರ ಊರಿನಲ್ಲಲ್ಲ, ಕೋಣೆ ತುಂಬಿಹೋಗಿದ್ದರೂ ಇದ್ದ ಜಾಗದಲ್ಲೇ ಸರಿದು ಕೂತು ಎಡೆ ಮಾಡಿಕೊಟ್ಟ ಬಡವರ ಮನೆಯಲ್ಲಿ. ನನಗೆ ಈ ಓದು ಹೆಚ್ಚು ಹಿಡಿಸುತ್ತದೆ. ಹಂಚಿಕೊಳ್ಳುವುದನ್ನು ಬಡವರಿಗೆ ಯಾರೂ ಕಲಿಸಬೇಕಾಗಿಲ್ಲ.

ಗೋದಲಿಯ ಪಕ್ಕ ನಾವು ನಿಲ್ಲಿಸುವ ಎತ್ತು, ಕತ್ತೆ ಕೂಡ ಲೂಕನಲ್ಲಿಲ್ಲ. ಅವು ಪ್ರವಾದಿ ಯೆಶಾಯನ ಪುಸ್ತಕದ ಮೊದಲ ಅಧ್ಯಾಯದಿಂದ ನಡೆದು ಬಂದವು: ಎತ್ತು ತನ್ನ ಒಡೆಯನನ್ನು ಬಲ್ಲದು, ಕತ್ತೆ ಯಜಮಾನನ ಗೋದಲಿಯನ್ನು ಬಲ್ಲದು, ನನ್ನ ಜನರಿಗೋ ತಿಳಿವಿಲ್ಲ. ಅದೇ ಅಧ್ಯಾಯ ಇನ್ನಷ್ಟು ಮುಂದೆ ಹೋಗಿ ನ್ಯಾಯವನ್ನು ಹುಡುಕಿರಿ, ಅನಾಥನಿಗೆ ನ್ಯಾಯ ತೀರಿಸಿರಿ, ವಿಧವೆಯ ಪರವಾಗಿ ವಾದಿಸಿರಿ ಎನ್ನುತ್ತದೆ. ಎತ್ತು ಕತ್ತೆಯನ್ನು ತಂದು ನಿಲ್ಲಿಸಿದ ನಾವು ಉಳಿದ ಅಧ್ಯಾಯವನ್ನು ಅಲ್ಲೇ ಬಿಟ್ಟು ಬಂದೆವು. ಇದು ಇವತ್ತಿನ ಕಾಯಿಲೆಯೂ ಅಲ್ಲ. 386ರಿಂದ ಸಾಯುವವರೆಗೂ ಬೆತ್ಲೆಹೇಮಿನಲ್ಲೇ ಬದುಕಿದ್ದ, ಬೈಬಲನ್ನು ಲ್ಯಾಟಿನ್ನಿಗೆ ತಂದ ಸಂತ ಜೆರೋಮ್, ಕ್ರಿಸ್ತನಿಗೆ ಗೌರವವೆಂದು ಮಣ್ಣಿನ ಗೋದಲಿಯನ್ನು ತೆಗೆದು ಬೆಳ್ಳಿಯದನ್ನು ಇಟ್ಟಿದ್ದಾರೆ, ನನಗೆ ತೆಗೆದುಹಾಕಿದ್ದೇ ಹೆಚ್ಚು ಬೆಲೆಯುಳ್ಳದ್ದು ಎಂದು ತನ್ನ ಪ್ರಸಂಗವೊಂದರಲ್ಲಿ ಮರುಗಿದ್ದಾನೆ.

ಈಗ ನಿಮ್ಮ ಬಾಗಿಲಿನ ವಿಷಯಕ್ಕೆ ಬರುತ್ತೇನೆ.

ಧರ್ಮೋಪದೇಶಕಾಂಡದ 24ನೇ ಅಧ್ಯಾಯದಲ್ಲಿ ಸಾಲಗಾರನ ಬಗ್ಗೆ ಒಂದು ಕಟ್ಟಳೆ ಇದೆ. ನೆರೆಯವನಿಗೆ ಸಾಲ ಕೊಟ್ಟು ಒತ್ತೆ ಪಡೆಯುವಾಗ ಅವನ ಮನೆಯೊಳಕ್ಕೆ ಹೋಗಬೇಡ. ಹೊರಗೆ ನಿಂತಿರು, ಒತ್ತೆಯನ್ನು ಅವನೇ ಹೊರಗೆ ತಂದುಕೊಡಲಿ. ಒತ್ತೆ ಇಟ್ಟದ್ದು ಅವನ ಹೊದಿಕೆಯಾದರೆ ಹೊತ್ತು ಮುಳುಗುವಷ್ಟರಲ್ಲಿ ಹಿಂದಕ್ಕೆ ಕೊಡು, ಅವನು ಅದನ್ನೇ ಹೊದ್ದು ಮಲಗಬೇಕು. ಬೀಸುವ ಕಲ್ಲನ್ನಂತೂ ಒತ್ತೆ ಕೇಳಲೇಬೇಡ.

ಈ ಕಟ್ಟಳೆಯನ್ನು ನಾನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟು ಎದ್ದುಹೋಗಿದ್ದೆ. ನನಗೆ ಏಳೋ ಎಂಟೋ ವರ್ಷ ಇದ್ದಾಗ ಸಾಲ ಕೊಟ್ಟವರೊಬ್ಬರು ಕೂಗಿ ಕರೆಯದೆ ನೇರ ನಮ್ಮ ಅಡುಗೆಮನೆಗೆ ನುಗ್ಗಿದ್ದರು. ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆಗೆದು ನೋಡಿದರು. ಕೆಟ್ಟ ಮಾತೇನೂ ಆಡಲಿಲ್ಲ. ಅಮ್ಮ ಅವರಿಗೆ ಬೆನ್ನು ಹಾಕಿ ಒಲೆಯ ಮುಂದೆ ಕೂತು ಊದುಗೊಳವೆಯಿಂದ ಊದುತ್ತಲೇ ಇದ್ದಳು. ಒಲೆಯಲ್ಲಿ ಬೆಂಕಿ ಇರಲಿಲ್ಲ. ಆ ಸಾಲ ಯಾವಾಗ ತೀರಿತೋ ನನಗೆ ನೆನಪಿಲ್ಲ, ತಣ್ಣನೆಯ ಬೂದಿ ಹಾರಿ ಅವಳ ಹುಬ್ಬಿನ ಮೇಲೆ ಕೂತದ್ದು ನೆನಪಿದೆ.

ನೀವು ಅವರ ಹಾಗೆ ಎಂದು ನಾನು ಹೇಳುತ್ತಿಲ್ಲ. ನಾಲ್ಕು ವರ್ಷ ತಪ್ಪದೆ ಹೊತ್ತು ತಂದುಕೊಟ್ಟವರು ನೀವು, ಆ ಮನೆಯ ಮಕ್ಕಳು ನಿಮ್ಮ ಬಟ್ಟೆ ತೊಟ್ಟು ಹಬ್ಬ ಮಾಡಿದ್ದಾರೆ, ಅದು ಸಣ್ಣ ಮಾತಲ್ಲ. ಆದರೆ ಆತ ಬಾಗಿಲಲ್ಲೇ ನಿಂತದ್ದು ನಿಮ್ಮನ್ನು ತಡೆಯಲಿಕ್ಕೆ ಇರಲಾರದು. ಒಳಗಿನದನ್ನು ಮುಚ್ಚಿಡಲಿಕ್ಕೆ ಇದ್ದೀತು. ಫೋಟೊ ಎಂದಾಗ ತಿರುಗಿದ ಮುಖ ಕೊಬ್ಬಿನದೇ ಎಂದು ಯಾಕೆ ಅಂದುಕೊಳ್ಳುತ್ತೀರಿ? ಆತನ ಮಗಳು ಶಾಲೆಗೆ ಹೋಗುತ್ತಾಳೆ ಎಂದು ನೀವೇ ಬರೆದಿದ್ದೀರಿ. ಅಪ್ಪ ಚೀಲಕ್ಕೆ ಕೈಯೊಡ್ಡಿ ನಿಂತ ಚಿತ್ರ ಅವಳ ಗೆಳತಿಯರ ಕಣ್ಣಿಗೆ ಬೀಳಬಹುದೆಂಬ ಅಂಜಿಕೆ ಆತನಿಗೆ ಇರಬಾರದೇ?

ಇನ್ನು, ಒಂದು ಒಳ್ಳೆಯ ಮಾತು ಬರಲಿಲ್ಲ ಎಂಬ ಕೊರಗು. ಬಡವನಿಗೆ ದಯೆ ತೋರುವವನು ದೇವರಿಗೇ ಸಾಲ ಕೊಡುತ್ತಾನೆ, ಅದನ್ನು ದೇವರೇ ತೀರಿಸುತ್ತಾನೆ ಎನ್ನುತ್ತವೆ ಜ್ಞಾನೋಕ್ತಿಗಳು, 19ನೇ ಅಧ್ಯಾಯ, 17ನೇ ವಚನ. ಇದನ್ನು ನಾವು ಪುಣ್ಯದ ಆಸೆಗೆ ಓದುತ್ತೇವೆ. ನಾನು ಅದನ್ನು ಬಡವನಿಗೆ ಸಿಕ್ಕ ಬಿಡುಗಡೆಯೆಂದು ಓದುತ್ತೇನೆ. ನೀವು ಚೀಲ ಕೊಟ್ಟ ಗಳಿಗೆಯಲ್ಲೇ ಸಾಲದ ಪತ್ರ ಆತನ ಹೆಸರಿನಿಂದ ದೇವರ ಹೆಸರಿಗೆ ವರ್ಗವಾಯಿತು. ಆತ ನಿಮಗೆ ಏನೂ ಬಾಕಿ ಉಳಿಸಿಕೊಂಡಿಲ್ಲ, ಕೃತಜ್ಞತೆಯನ್ನೂ ಕೂಡ. ಆತನ ಬಾಗಿಲಲ್ಲಿ ನಿಂತು ಧನ್ಯವಾದ ವಸೂಲಿ ಮಾಡುವುದೆಂದರೆ ಸಾಲಗಾರನಲ್ಲದವನ ಮನೆ ಹುಡುಕಿ ಹೋದ ಹಾಗೆ.

ಮೊದಲ ಕ್ರೈಸ್ತ ಸಭೆಗಳಿಗೆ ಪತ್ರಗಳನ್ನು ಬರೆದ ಪೌಲನು ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸುವಾಗ ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿ, ಆ ಬಡವರು ಯೋಗ್ಯರು ಎಂದಾಗಲಿ, ನಿಮ್ಮನ್ನು ಹೊಗಳುತ್ತಾರೆ ಎಂಬ ಆಸೆಗಾಗಿ ಎಂದಾಗಲಿ ಕೇಳಲಿಲ್ಲ. ಐಶ್ವರ್ಯವಂತನಾಗಿದ್ದವನು ನಿಮಗೋಸ್ಕರ ಬಡವನಾದದ್ದು ನಿಮಗೆ ಗೊತ್ತಲ್ಲ ಎಂದ. ಗೋದಲಿಯನ್ನು ಆತ ಕಾಣಿಕೆ ಡಬ್ಬಿಯ ಪಕ್ಕಕ್ಕೇ ತಂದಿಟ್ಟ.

ಹೋಗಬೇಕೋ ಬೇಡವೋ ಎಂದು ಕೇಳಿದ್ದೀರಿ. ಹೋಗಿ. ಹಬ್ಬದ ಹಿಂದಿನ ದಿನ ಬೇಡ, ಎಲ್ಲರೂ ಚೀಲ ಹಿಡಿದು ಓಡಾಡುವ ದಿನ ಅದು. ಒಂದು ವಾರ ಮೊದಲು, ಕತ್ತಲಾದ ಮೇಲೆ ಹೋಗಿ. ಹೊಸಿಲಾಚೆ ನಿಂತು ಆತನನ್ನು ಹೆಸರು ಹಿಡಿದು ಕರೆಯಿರಿ, ಫೋನು ಜೇಬಿನಲ್ಲೇ ಇರಲಿ. ಚೀಲ ಕೊಟ್ಟ ಮೇಲೆ ಆತನ ಕೆಲಸದ ವಿಚಾರ ಕೇಳಿ. ದುಡಿದ ಕೂಲಿ ಎಲ್ಲಾದರೂ ಬಾಕಿ ಇದೆ ಎಂದರೆ ಕೂತು ವಿವರ ಬರೆದುಕೊಳ್ಳಿ. ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವುದರೊಳಗೆ ಕೊಡು ಎಂಬುದೂ ಅದೇ 24ನೇ ಅಧ್ಯಾಯದ ಆಜ್ಞೆ, ಕೇಳಿ ಕೊಡಿಸಲು ನಿಮ್ಮಂಥ ಓದುಬರಹ ಬಲ್ಲವರ ದನಿ ಆತನಿಗೆ ಬಟ್ಟೆಗಿಂತ ಹೆಚ್ಚು ಉಪಯೋಗಕ್ಕೆ ಬಂದೀತು. ಆತ ಏನಾದರೂ ಕೊಟ್ಟರೆ, ಒಂದು ಲೋಟ ನೀರೇ ಆಗಲಿ, ಬೇಡ ಅನ್ನದೆ ತೆಗೆದುಕೊಳ್ಳಿ.

ಹೋಗಿ ಬಂದ ಮೇಲೆ ಇನ್ನೊಂದು ಪತ್ರ ಬರೆಯಿರಿ. ಅಚ್ಚಿಗಲ್ಲ, ನನಗೆ.

– ಸಂಪಾದಕ