ಹಳೆಯ ಯೆಜ್ಡಿಯನ್ನು ಸರಿಮಾಡಿ ರೇಸಿಗೆ ಇಳಿಸುವುದರಲ್ಲಿ ಏನಿದೆ?

ನೀವು ಎರಡು ವಿಷಯ ಕೇಳಿದ್ದೀರಿ. ಅಪ್ಪನ ಯೆಜ್ಡಿ ರೋಡ್‌ಕಿಂಗ್ ಬೈಕು ಎಷ್ಟೋ ವರ್ಷಗಳಿಂದ ಮನೆ ಹಿಂದೆ ನಿಂತಿದೆ, ಮೆಕ್ಯಾನಿಕ್ ಗುಜರಿಗೆ ಹಾಕಿ ಅಂತಾನೆ, ಏನು ಮಾಡಲಿ ಅನ್ನುವುದು ಒಂದು. ಇಂಥ ಗಾಡಿಗಳನ್ನು ಸರಿಮಾಡಿ ರೇಸ್ ಓಡಿಸುತ್ತಾ ಆಯಸ್ಸು ಕಳೆಯುವವರಿಗೆ ಅದರಿಂದ ಸಿಗುವುದೇನು ಅನ್ನುವುದು ಇನ್ನೊಂದು. ಗುಜರಿಗೆ ಹಾಕಬೇಡಿ. ಎರಡನೆಯದಕ್ಕೆ ಸ್ವಲ್ಪ ಉದ್ದದ ಉತ್ತರ ಬೇಕು.

ನಾನು ಮೈಸೂರಿನವನು, ಲೇತ್ ಕೆಲಸ ಕಲಿತವನು. ನಮ್ಮೂರ ಯಾದವಗಿರಿಯಲ್ಲೇ ಐಡಿಯಲ್ ಜಾವಾ ಕಾರ್ಖಾನೆ ಇತ್ತು. 1961ರಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಬೈಕನ್ನು ಇಲ್ಲಿ ಮಾಡಲು ಶುರು ಮಾಡಿದರು. ಎಪ್ಪತ್ತರ ದಶಕದಲ್ಲಿ ಅದೇ ಯೆಜ್ಡಿ ಆಯಿತು. 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ದುಡಿದ ಕೆಲವರು ಆಮೇಲೆ ಊರಲ್ಲೇ ಸಣ್ಣ ಸಣ್ಣ ಗ್ಯಾರೇಜ್ ಇಟ್ಟುಕೊಂಡರು. ನನಗೆ ಕೆಲಸ ಹೇಳಿಕೊಟ್ಟವರು ಅಂಥ ಒಬ್ಬ ಹಿರಿಯರು. ಎಂಜಿನ್ ಬಿಚ್ಚುವ ಮೊದಲು ಅದರ ಸದ್ದು ಕೇಳು ಅನ್ನುತ್ತಿದ್ದರು. ಆ ಮಾತು ಇವತ್ತಿಗೂ ನನಗೆ ದಾರಿ ತೋರಿಸುತ್ತದೆ.

ಹಳೆ ಬೈಕ್ ರಿಸ್ಟೋರ್ ಮಾಡಿಸಿದ್ದೀನಿ ಅಂತ ತೋರಿಸುವವರು ಈಗ ಜಾಸ್ತಿ. ಟ್ಯಾಂಕಿಗೆ ಹೊಸ ಕ್ರೋಮ್, ಮೆರೂನ್ ಬಣ್ಣ, ಅಂಚಿಗೆ ಚಿನ್ನದ ಗೆರೆ. ನೋಡಲು ಸೊಗಸಾಗಿರುತ್ತದೆ, ನನಗೂ ಇಷ್ಟ. ಆದರೆ ಒಳಗಿನ ಕೆಲಸ ಸರಿಯಾಗಿದೆಯೋ ಇಲ್ಲವೋ ಅಂತ ಬಣ್ಣ ಹೇಳುವುದಿಲ್ಲ. ಪೂರ್ತಿ ಥ್ರಾಟಲ್ ಕೊಟ್ಟು ಒಂದೇ ಸಮನೆ ಓಡಿಸಿದಾಗಲೇ ಗೊತ್ತಾಗುವುದು. ನಾನು ರೇಸಿಗೆ ಹೋಗುವುದು ಅದಕ್ಕೇ. ಕಪ್ ಬಂದರೆ ಸಂತೋಷ. ಆದರೆ ನಾನು ಕೂರಿಸಿದ ಎಂಜಿನ್ ಕೊನೆಯ ಸುತ್ತಿನಲ್ಲೂ ಮೊದಲ ಸುತ್ತಿನ ಹಾಗೇ ಎಳೆದರೆ ಆಗುವ ಸಂತೋಷವೇ ಬೇರೆ.

ಇದು ಯಾಕೆ ಅಷ್ಟು ಕಷ್ಟ ಅಂತ ಹೇಳುತ್ತೇನೆ. ಯೆಜ್ಡಿಯದು 250 ಸಿಸಿಯ ಟೂ ಸ್ಟ್ರೋಕ್ ಎಂಜಿನ್. ಪೆಟ್ರೋಲು, ಗಾಳಿ, ಆಯಿಲ್ ಬೆರೆತು ಮೊದಲು ಹೋಗುವುದು ಸಿಲಿಂಡರಿನ ಮೇಲ್ಭಾಗಕ್ಕಲ್ಲ, ಕೆಳಗಿನ ಕ್ರ್ಯಾಂಕ್‌ಕೇಸಿಗೆ; ಪಿಸ್ಟನ್ನಿನ ಏರಿಳಿತವನ್ನು ತಿರುಗಾಟ ಮಾಡುವ ಕ್ರ್ಯಾಂಕ್ ಇರುವ ಪೆಟ್ಟಿಗೆ ಅದು. ಪಿಸ್ಟನ್ ಕೆಳಗಿಳಿಯುವಾಗ ಅದನ್ನು ಒತ್ತಿ, ಸಿಲಿಂಡರ್ ಗೋಡೆಯ ಕಿಂಡಿಗಳಾದ ಪೋರ್ಟ್‌ಗಳ ಮೂಲಕ ಮೇಲಕ್ಕೆ ಕಳಿಸುತ್ತದೆ. ಅಂದರೆ ಕ್ರ್ಯಾಂಕ್‌ಕೇಸ್ ಎಲ್ಲೂ ಗಾಳಿ ಬಿಡಬಾರದು. ಕ್ರ್ಯಾಂಕಿನ ಎರಡೂ ಬದಿಯಲ್ಲಿರುವ ರಬ್ಬರಿನ ಆಯಿಲ್ ಸೀಲು ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಒಣಗಿ ಗಟ್ಟಿಯಾಗಿರುತ್ತದೆ. ಒಂದು ಬದಿಯ ಸೀಲು ಸೋರಿದರೆ ಹೊರಗಿನ ಗಾಳಿ ನುಗ್ಗುತ್ತದೆ. ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ, ಅದರ ಜೊತೆ ಬರುವ ಆಯಿಲ್ ಕೂಡ. ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಂಡು ಸೀಜ್ ಆಗುತ್ತದೆ. ಕ್ಲಚ್ ಬದಿಯ ಸೀಲು ಹೋದರೆ ಗೇರ್ ಆಯಿಲನ್ನೇ ಎಂಜಿನ್ ಕುಡಿಯುತ್ತದೆ, ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲುವುದೇ ಇಲ್ಲ. ತುಂಬಾ ಜನ ಹೊಗೆ ನೋಡಿ ಪಿಸ್ಟನ್ ರಿಂಗ್ ಹೋಗಿದೆ ಅಂದುಕೊಂಡು ಸುಮ್ನೆ ಸಿಲಿಂಡರಿನ ಒಳಗೋಡೆ ಕೊರೆಸಿ, ಅಂದರೆ ಬೋರ್ ಮಾಡಿಸಿ ದುಡ್ಡು ಕಳೆಯುತ್ತಾರೆ. ಕೆಲವು ರೂಪಾಯಿಯ ಸೀಲು ನೋಡುವುದೇ ಇಲ್ಲ.

ಕ್ರ್ಯಾಂಕ್ ಕೂಡ ಹಾಗೇ. ಅದನ್ನು ಪ್ರೆಸ್ಸಿನಲ್ಲಿ ಒತ್ತಿ ಜೋಡಿಸಿರುತ್ತಾರೆ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡ್ ಬದಲಿಸಬೇಕಾದರೆ ಬಿಡಿಸಿ, ಮತ್ತೆ ಒತ್ತಿ, ಓರೆಕೋರೆ ಅಳೆಯುವ ಡಯಲ್ ಗೇಜ್ ಇಟ್ಟು ತಿರುಗಿಸಿ ನೋಡಬೇಕು. ಮುಳ್ಳು ಕೂದಲೆಳೆಯಷ್ಟು ಅಲ್ಲಾಡಿದರೂ ತಾಮ್ರದ ಸುತ್ತಿಗೆಯಲ್ಲಿ ತಟ್ಟಿ ಸರಿ ಮಾಡಬೇಕು. ಇಲ್ಲಿ ಅವಸರ ಮಾಡಿದರೆ ವೇಗ ಏರಿದಾಗ ಇಡೀ ಗಾಡಿ ನಡುಗುತ್ತದೆ. ನನಗೆ ಅತಿ ಇಷ್ಟದ ಕೆಲಸ ಇದೇ.

ಆಮೇಲೆ ಪೆಟ್ರೋಲು, ಗಾಳಿ ಬೆರೆಸುವ ಕಾರ್ಬೊರೇಟರ್. ಟ್ರ್ಯಾಕಿನಲ್ಲಿ ಪೂರ್ತಿ ಥ್ರಾಟಲ್‌ನಲ್ಲಿ ಓಡಿಸುತ್ತಿರುವಾಗಲೇ ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ, ನಿಲ್ಲಿಸಿ, ಪ್ಲಗ್ ಬಿಚ್ಚಿ ನೋಡುತ್ತೇವೆ. ಕಾಫಿಪುಡಿ ಬಣ್ಣಕ್ಕಿದ್ದರೆ ಸರಿ. ಬೆಳ್ಳಗಿದ್ದರೆ ಪೆಟ್ರೋಲ್ ಸಾಲದು, ದೊಡ್ಡ ಜೆಟ್, ಅಂದರೆ ಪೆಟ್ರೋಲ್ ಹಾಯುವ ತೂತು ದೊಡ್ಡದಿರುವ ಬಿಡಿಭಾಗ ಹಾಕಬೇಕು. ಕಪ್ಪಗೆ ಒದ್ದೆಯಾಗಿದ್ದರೆ ಜಾಸ್ತಿಯಾಗಿದೆ. ಬೆಳಗಿನ ತಂಪಿಗೆ ಹೊಂದಿದ ಜೆಟ್ ಮಧ್ಯಾಹ್ನದ ಬಿಸಿಲಿಗೆ ಹೊಂದದೆ ಹೋಗಬಹುದು.

ಟೂ ಸ್ಟ್ರೋಕ್ ರೇಸಿನ ಇತಿಹಾಸದಲ್ಲಿ ಸೈಲೆನ್ಸರಿನದೇ ಒಂದು ದೊಡ್ಡ ಕಥೆ ಇದೆ. ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯ ವಾಲ್ಟರ್ ಕಾಡೆನ್ ಅನ್ನುವ ಎಂಜಿನಿಯರ್ 1950ರ ದಶಕದಲ್ಲಿ ಸೈಲೆನ್ಸರಿನ ಆಕಾರವನ್ನು ಲೆಕ್ಕ ಹಾಕಿ ಮಾಡತೊಡಗಿದರು. ಹೊಟ್ಟೆ ಅಗಲವಾಗಿ, ತುದಿ ಕಿರಿದಾಗಿರುವ ಕೊಳವೆ ಅದು. ಹೊಗೆಯ ಜೊತೆ ಹೊರಟ ಒತ್ತಡದ ಅಲೆ ತುದಿಗೆ ಬಡಿದು ವಾಪಸ್ ಬರುತ್ತದೆ, ಪೋರ್ಟಿನಿಂದ ಹೊರಗೆ ಜಾರಿದ ಹಸಿ ಪೆಟ್ರೋಲನ್ನು ಒಳಕ್ಕೆ ತಳ್ಳುತ್ತದೆ. ಅವರ ಸವಾರ ಅರ್ನ್ಸ್ಟ್ ಡೆಗ್ನರ್ 1961ರಲ್ಲಿ ಸ್ವೀಡನ್ನಿನ ರೇಸ್ ಮುಗಿಸಿ ಪಶ್ಚಿಮಕ್ಕೆ ಓಡಿಹೋಗಿ, ಆ ಗುಟ್ಟಿನ ಸಮೇತ ಸುಜುಕಿ ಸೇರಿದರು. ಮರುವರ್ಷವೇ ಸುಜುಕಿ 50 ಸಿಸಿ ವಿಭಾಗದಲ್ಲಿ ವಿಶ್ವ ಚಾಂಪಿಯನ್. ನಾವು ತಗಡು ಕತ್ತರಿಸಿ ಕೋನ್ ಸುತ್ತಿ ವೆಲ್ಡ್ ಮಾಡುವಾಗ ಬಳಸುವುದು ಅದೇ ಲೆಕ್ಕವನ್ನು. ಮದ್ರಾಸ್ ಹತ್ತಿರದ ಶೋಲಾವರಂನಲ್ಲಿ, ಮಹಾಯುದ್ಧದ ಕಾಲದ ವಿಮಾನ ಪಟ್ಟಿಯ ಮೇಲೆ ರೇಸ್ ನಡೆಯುತ್ತಿದ್ದಾಗ ಯೆಜ್ಡಿಗಳೂ ಅಲ್ಲಿ ಓಡಿದವು. ಹಳಬರು ಅದನ್ನು ಹೇಳುವಾಗ ಕೇಳಬೇಕು ನೀವು.

ಒಂದೇ ಗಾಡಿಗೆ ಆಯಸ್ಸು ಹಾಕುವುದು ಹುಚ್ಚಲ್ವಾ ಅಂತ ನೀವು ಕೇಳಬಹುದು. ನ್ಯೂಜಿಲೆಂಡಿನ ಇನ್ವರ್‌ಕಾರ್ಗಿಲ್ ಊರಿನ ಬರ್ಟ್ ಮನ್ರೋ 1920ರ ಇಂಡಿಯನ್ ಸ್ಕೌಟ್ ಬೈಕೊಂದನ್ನು ದಶಕಗಳ ಕಾಲ ತಿದ್ದುತ್ತಲೇ ಇದ್ದರು. ಪಿಸ್ಟನ್ನನ್ನು ಮನೆ ಶೆಡ್ಡಿನಲ್ಲೇ ಎರಕ ಹೊಯ್ದುಕೊಳ್ಳುತ್ತಿದ್ದರು. ಹೊಸದರಲ್ಲಿ ಗಂಟೆಗೆ 90 ಕಿ.ಮೀ. ಆಸುಪಾಸು ಓಡುತ್ತಿದ್ದ ಗಾಡಿ ಅದು. 1967ರಲ್ಲಿ, 68ನೇ ವಯಸ್ಸಿನಲ್ಲಿ, ಅಮೆರಿಕದ ಬಾನವಿಲ್ ಉಪ್ಪಿನ ಬಯಲಿನಲ್ಲಿ ಅದನ್ನು ಗಂಟೆಗೆ 295 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಓಡಿಸಿ ದಾಖಲೆ ಮಾಡಿದರು. ಅಷ್ಟು ವರ್ಷ ಒಂದೇ ಎಂಜಿನ್ ಜೊತೆ ಇದ್ದದ್ದರಿಂದಲೇ ಅದು ಸಾಧ್ಯವಾಯಿತು ಅಂತ ನನ್ನ ನಂಬಿಕೆ. ಯಾವ ಭಾಗ ಯಾವಾಗ ಮುರಿಯುತ್ತದೆ ಅಂತ ಅವರ ಕೈಗೆ ಗೊತ್ತಿತ್ತು.

ಈಗ ನಿಮ್ಮ ರೋಡ್‌ಕಿಂಗ್ ವಿಷಯ. ದಯವಿಟ್ಟು ಹಾಗೇ ಕಿಕ್ ಹೊಡೆಯಬೇಡಿ. ಪ್ಲಗ್ ಬಿಚ್ಚಿ ಸಿಲಿಂಡರಿಗೆ ಸ್ವಲ್ಪ ಎಣ್ಣೆ ಬಿಟ್ಟು ಎರಡು ದಿನ ಬಿಡಿ, ಆಮೇಲೆ ಕಿಕ್ಕರನ್ನು ನಿಧಾನಕ್ಕೆ ಕೈಯಲ್ಲಿ ಒತ್ತಿ ಎಂಜಿನ್ ತಿರುಗಿಸಿ. ಟ್ಯಾಂಕಿನ ಹಳೆ ಪೆಟ್ರೋಲ್ ಚೆಲ್ಲಿ, ತುಕ್ಕು ತೆಗೆಸಿ. ಸೀಲು, ಬೇರಿಂಗು, ಬ್ರೇಕ್ ಶೂ, ಟೈರು ಮೊದಲು. ಬಣ್ಣ ಕೊನೆಗೆ. ಟ್ಯಾಂಕ್, ಸೈಡ್ ಬಾಕ್ಸ್, ಮಡ್‌ಗಾರ್ಡ್ ಎಷ್ಟೇ ಹಾಳಾಗಿದ್ದರೂ ಎಸೆಯಬೇಡಿ. ಟಿಂಕರಿಂಗ್ ಮಾಡಿ ಉಳಿಸಿದ ಹಳೆ ತಗಡು ಈಗ ಸಿಗುವ ಹೊಸದಕ್ಕಿಂತ ಗಟ್ಟಿ. ಪೆಟ್ರೋಲಿಗೆ ಲೀಟರಿಗೆ 40 ಮಿಲಿ ಟೂ ಸ್ಟ್ರೋಕ್ ಆಯಿಲ್ ಹಾಕಿ. ಮೊದಲ ಕೆಲವು ನೂರು ಕಿಲೋಮೀಟರ್ ಮೆತ್ತಗೆ ಓಡಿಸಿ. ವೇಗದ ಆಸೆ ಬಂದರೆ ಟ್ರ್ಯಾಕಿಗೆ ಬನ್ನಿ, ರಸ್ತೆಯಲ್ಲಿ ಬೇಡ. ಇದೆಲ್ಲಕ್ಕೂ ಮೊದಲು ಅಪ್ಪನ ಬೀರುವಿನಲ್ಲಿ ಆರ್‌ಸಿ ಪುಸ್ತಕ ಹುಡುಕಿ, ಎಂಜಿನ್ ಮತ್ತು ಚಾಸಿ ನಂಬರ್ ತಾಳೆ ನೋಡಿ. ನೋಂದಣಿ ನವೀಕರಣಕ್ಕೆ ಅದಿಲ್ಲದೆ ಕೆಲಸ ಆಗುವುದಿಲ್ಲ.